ರಷ್ಯಾಕ್ಕಾಗಿ ನಾವು ಬೇಡಿಕೊಂಡದ್ದೇನು?

ಜಪಮಾಲೆಯ ಮಾಸವಾದ ಅಕ್ಟೋಬರಿನ ಒಂದು ಸಂಜೆ. ಮದಕರಿಪುರದ ಮನೆಯೊಂದರಲ್ಲಿ ನಾಲ್ಕಾರು ಕುಟುಂಬಗಳು ಕೂಡಿ ಜಪಸರ ಮುಗಿಸಿದ್ದೆವು. ಶೇಂಗಾ ಕಿತ್ತ ದಿನಗಳು. ಅಂಗಳದ ರಾಶಿಯಿಂದ ಹಸಿಮಣ್ಣಿನ ವಾಸನೆ ಇನ್ನೂ ಹೋಗಿರಲಿಲ್ಲ. ಎಲ್ಲರಿಗೂ ಚಹಾ ಬಂತು. ಎಂಬತ್ತು ದಾಟಿದ ಆ ಮನೆಯ ಅಜ್ಜಿ ಲೋಟವನ್ನು ಪಕ್ಕಕ್ಕಿಟ್ಟು ನನ್ನನ್ನು ಕೇಳಿದರು: “ಸ್ವಾಮಿ, ನಾವು ಚಿಕ್ಕವರಿದ್ದಾಗ ಪೂಜೆ ಮುಗಿದ ಮೇಲೆ ಮೊಣಕಾಲೂರಿ ರಷ್ಯಾ ದೇಶಕ್ಕೆ ಅಂತ ಜಪ ಮಾಡ್ತಿದ್ವಿ. ಆ ದೇಶ ದೇವರ ಕಡೆ ತಿರುಗಲಿ ಅಂತ. ಈಗ ಟಿವಿ ನೋಡಿದ್ರೆ ಅದೇ ದೇಶ ಯುದ್ಧ ಮಾಡ್ತೈತೆ. ನಮ್ಮ ಜಪ ಎಲ್ಲಿಗೆ ಹೋಯ್ತು?”

ಆ ರಾತ್ರಿ ನನ್ನಲ್ಲಿ ಉತ್ತರವಿರಲಿಲ್ಲ. ದೇವರ ಚಿತ್ತ ನಮಗೆ ತಿಳಿಯದು ಎಂಬಂಥ ಮಾತೊಂದನ್ನು ಹೇಳಿ ಹೊರಟುಬಂದೆ. ಅದು ನಿಜವೇ ಆದರೂ ಉತ್ತರವಲ್ಲ. ಆಮೇಲೆ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅಜ್ಜಿಯ ಪ್ರಶ್ನೆ ಅವರೊಬ್ಬರದ್ದೇ ಆಗಿರಲಾರದು.

ಅವರ ನೆನಪು ತಪ್ಪಿರಲಿಲ್ಲ. ಎರಡನೇ ವ್ಯಾಟಿಕನ್ ಮಹಾಸಭೆಗೆ ಮುಂಚೆ ಗಾಯನವಿಲ್ಲದ ಸಾಧಾರಣ ಬಲಿಪೂಜೆ ಮುಗಿದೊಡನೆ ಗುರುಗಳು ಪೀಠದ ಕೆಳಗೆ ಮೊಣಕಾಲೂರುತ್ತಿದ್ದರು. ಮೂರು ನಮೋ ಮರಿಯ, ಒಂದು ನಮೋ ರಾಣಿ, ಕೊನೆಗೆ ಮಹಾದೂತ ಸಂತ ಮಿಕಾಯೇಲರ ಜಪ. ಬಲಿಪೂಜೆಯ ನಂತರದ ಈ ಜಪಗಳನ್ನು ಇಡೀ ಧರ್ಮಸಭೆಗೆ ವಿಧಿಸಿದವರು ಜಗದ್ಗುರು ಹದಿಮೂರನೇ ಲಿಯೋ, 1884ರಲ್ಲಿ. ಸಂತ ಮಿಕಾಯೇಲರ ಜಪ ಎರಡು ವರ್ಷಗಳ ತರುವಾಯ ಸೇರಿತು. ಆಗಿನ ಉದ್ದೇಶ ಬೇರೆಯೇ ಆಗಿತ್ತು. ಇಟಲಿಯಲ್ಲಿ ಪೋಪರ ರಾಜ್ಯ ಕೈತಪ್ಪಿ, ಧರ್ಮಸಭೆಯ ಸ್ವಾತಂತ್ರ್ಯದ ಪ್ರಶ್ನೆ ತೀರದೆ ಉಳಿದಿದ್ದ ಕಾಲವದು. 1929ರ ಲ್ಯಾಟರನ್ ಒಪ್ಪಂದದಿಂದ ಆ ಪ್ರಶ್ನೆ ಬಗೆಹರಿಯಿತು. ಮರುವರ್ಷ ಜೂನ್ 30ರಂದು ಜಗದ್ಗುರು ಹನ್ನೊಂದನೇ ಪಯಸ್ ಅದೇ ಜಪಗಳನ್ನು ಇನ್ನು ಮುಂದೆ ರಷ್ಯಾಕ್ಕಾಗಿ ಅರ್ಪಿಸಬೇಕೆಂದು ಕೋರಿದರು. 1965ರ ಮಾರ್ಚ್ 7ರಂದು ಪೂಜಾವಿಧಿಯ ಸುಧಾರಣೆ ಜಾರಿಗೆ ಬಂದಾಗ ಈ ರೂಢಿ ನಿಂತಿತು. ಸುಮಾರು ಮೂವತ್ತೈದು ವರ್ಷ ಭೂಪಟದಲ್ಲಿ ರಷ್ಯಾವನ್ನು ತೋರಿಸಲಾರದ ಜನರೂ ಪ್ರತಿದಿನ ಆ ದೇಶಕ್ಕಾಗಿ ಬೇಡಿಕೊಂಡರು. ಇದು ಸಣ್ಣ ಸಂಗತಿಯಲ್ಲ.

ಹನ್ನೊಂದನೇ ಪಯಸ್ ಕೇಳಿಕೊಂಡದ್ದೇನು ಎಂಬುದನ್ನು ಹುಡುಕಿದಾಗ ನನಗೆ ಆಶ್ಚರ್ಯವಾಯಿತು. ನೊಂದಿರುವ ರಷ್ಯಾದ ಜನತೆಗೆ ನೆಮ್ಮದಿಯೂ, ತಮ್ಮ ವಿಶ್ವಾಸವನ್ನು ಬಹಿರಂಗವಾಗಿ ಒಪ್ಪಿಕೊಳ್ಳುವ ಸ್ವಾತಂತ್ರ್ಯವೂ ಮರಳಿ ದೊರೆಯಲಿ: ಅವರ ಕೋರಿಕೆಯ ತಿರುಳು ಇಷ್ಟೇ. ನೆಮ್ಮದಿ, ಸ್ವಾತಂತ್ರ್ಯ. ರಷ್ಯಾ ‘ತಿರುಗಿಕೊಳ್ಳಬೇಕು’ ಎಂಬುದು ಅಲ್ಲಿಲ್ಲ. ಆ ಮಾತು ನಮ್ಮ ಜಪಕ್ಕೆ ಬಂದು ಸೇರಿದ್ದು ಫಾತಿಮಾದಿಂದ. 1917ರ ಜುಲೈನ ದರ್ಶನದಲ್ಲಿ ಮಾತೆ ಮರಿಯಮ್ಮ ರಷ್ಯಾದ ಪರಿವರ್ತನೆಯನ್ನು ಕುರಿತು ಹೇಳಿದ್ದನ್ನು ಸಿಸ್ಟರ್ ಲೂಸಿಯಾ ಬರೆದಿಟ್ಟದ್ದು 1941ರಲ್ಲಿ. ಆ ಪರಿವರ್ತನೆಯ ಅರ್ಥ ಮನಪರಿವರ್ತನೆ, ಪಶ್ಚಾತ್ತಾಪ. ಆದರೆ ಕಾಲಕ್ರಮದಲ್ಲಿ ಕೆಲವರು ಅದನ್ನು ಮತಾಂತರವೆಂದು ತಿಳಿದರು. ಇನ್ನು ಕೆಲವರಿಗೆ ಅದು ಕಮ್ಯುನಿಸ್ಟ್ ಸರ್ಕಾರ ಬಿದ್ದುಹೋಗಲಿ ಎಂಬ ಹಾರೈಕೆಯಾಯಿತು. ಮನಪರಿವರ್ತನೆಗೂ ಮತಾಂತರಕ್ಕೂ ಇರುವ ಅಂತರವನ್ನು ಕರ್ನಾಟಕದ ಕ್ರೈಸ್ತರಿಗೆ ಯಾರೂ ವಿವರಿಸಬೇಕಾಗಿಲ್ಲ. ಅಲ್ಲದೆ ರಷ್ಯಾದ ಜನ ಕ್ರೈಸ್ತರಲ್ಲವೇ? ಕೀವ್ ನಗರದ ಅರಸ ವ್ಲಾದಿಮಿರ್ 988ರಲ್ಲಿ ದೀಕ್ಷಾಸ್ನಾನ ಪಡೆದಂದಿನಿಂದ ಅಲ್ಲಿ ಆರ್ಥೊಡಾಕ್ಸ್ ಧರ್ಮಸಭೆ ಬೇರೂರಿದೆ.

1930ರ ವೇಳೆಗೆ ಅಲ್ಲಿ ನಡೆಯುತ್ತಿದ್ದುದು ಮಾತ್ರ ಘೋರವೇ. 1931ರ ಡಿಸೆಂಬರ್ 5ರಂದು ಮಾಸ್ಕೋದ ಕ್ರಿಸ್ತ ರಕ್ಷಕನ ಮಹಾದೇವಾಲಯವನ್ನು ಸಿಡಿಮದ್ದಿಟ್ಟು ಉರುಳಿಸಿದರು. ಮುಂದೆ ಆ ಜಾಗದಲ್ಲಿ ಈಜುಕೊಳವಾಯಿತು. ಮಾಸ್ಕೋ ಹೊರವಲಯದ ಬುತೊವೊ ಎಂಬಲ್ಲಿ 1937ರ ಆಗಸ್ಟ್‌ನಿಂದ 1938ರ ಅಕ್ಟೋಬರ್‌ವರೆಗೆ, ಅಂದರೆ ಹದಿನಾಲ್ಕು ಹದಿನೈದು ತಿಂಗಳಲ್ಲಿ, 20 ಸಾವಿರಕ್ಕೂ ಹೆಚ್ಚು ಮಂದಿಯನ್ನು ಗುಂಡಿಟ್ಟು ಕೊಂದು ಹೂತರು. ಅವರಲ್ಲಿ ಧರ್ಮಾಧ್ಯಕ್ಷರು, ಗುರುಗಳು, ಸನ್ಯಾಸಿನಿಯರು, ಗಂಟೆ ಬಾರಿಸುವವರು ನೂರಾರು. ಆ ದಶಕದ ಕೊನೆಗೆ ಸೋವಿಯತ್ ಒಕ್ಕೂಟದಲ್ಲಿ ತೆರೆದಿದ್ದ ಕಥೋಲಿಕ ದೇವಾಲಯಗಳು ಎರಡೇ ಎರಡು, ಮಾಸ್ಕೋದಲ್ಲೊಂದು, ಲೆನಿನ್‌ಗ್ರಾದ್‌ನಲ್ಲೊಂದು. 1940ರಲ್ಲಿ ಕೂಲಿಯ ವೇಷದಲ್ಲಿ ಆ ದೇಶ ಹೊಕ್ಕ ಅಮೆರಿಕದ ಯೇಸುಸಭೆಯ ಗುರು ವಾಲ್ಟರ್ ಸಿಸ್ಜೆಕ್ ಸೆರೆಮನೆ, ದುಡಿಮೆಯ ಶಿಬಿರಗಳನ್ನು ಕಂಡು 1963ರಲ್ಲಿ ಹೊರಬಂದರು. ಅವರು ಬರೆದ ‘ಹೀ ಲೀಡೆತ್ ಮಿ’ ಪುಸ್ತಕವನ್ನು ನಾವು ಗುರುಮಠದಲ್ಲಿ ಧ್ಯಾನಕೂಟಕ್ಕಾಗಿ ಓದಿದ್ದೆವು. ಗುರುವಾಗಲು ಹೊರಟವರೆಲ್ಲ ಒಮ್ಮೆ ಓದಬೇಕಾದ ಪುಸ್ತಕ.

ವಿಚಿತ್ರವೆಂದರೆ ನನ್ನ ಬಾಲ್ಯದ ರಷ್ಯಾ ಬೇರೆಯೇ. ಸೋವಿಯತ್ ಪ್ರಚಾರ ಪತ್ರಿಕೆಗಳ ನುಣುಪಾದ ಬಣ್ಣದ ಹಾಳೆಗಳಿಂದ ನಾವು ಶಾಲೆಯ ಪುಸ್ತಕಗಳಿಗೆ ರಟ್ಟು ಹಾಕುತ್ತಿದ್ದೆವು. ಗೋಧಿಯ ಹೊಲ, ಟ್ರಾಕ್ಟರ್ ಮೇಲೆ ನಗುವ ಹೆಂಗಸು. ಮೀರ್ ಪ್ರಕಾಶನದ ವಿಜ್ಞಾನದ ಪುಸ್ತಕಗಳು ನವಕರ್ನಾಟಕದ ಮಳಿಗೆಗಳಲ್ಲಿ ಅಗ್ಗದ ಬೆಲೆಗೆ ಸಿಗುತ್ತಿದ್ದವು. ಬೆಂಗಳೂರಿನ ಪೀಣ್ಯದಲ್ಲಿ ಕಟ್ಟಿದ ಆರ್ಯಭಟ ಉಪಗ್ರಹ 1975ರ ಏಪ್ರಿಲ್ 19ರಂದು ಆಕಾಶಕ್ಕೇರಿದ್ದು ಸೋವಿಯತ್ ನೆಲದಿಂದ, ಸೋವಿಯತ್ ರಾಕೆಟ್ಟಿನಲ್ಲಿ. ನಮಗೆ ಉಪಕಾರ ಮಾಡಿದ ದೇಶ ಅದು. ಅದನ್ನು ಮರೆತು ಬರೆದರೆ ಕೃತಘ್ನತೆಯಾಗುತ್ತದೆ. ಆದರೆ ಹೊಲದಲ್ಲಿ ನಗುವ ಹೆಂಗಸಿನ ಆ ಹಾಳೆಯಲ್ಲಿ ಬುತೊವೊ ಇರಲಿಲ್ಲ.

1989ರ ಡಿಸೆಂಬರ್ 1ರಂದು ಗೋರ್ಬಚೇವ್ ವ್ಯಾಟಿಕನ್ನಿಗೆ ಹೋಗಿ ಜಗದ್ಗುರು ಎರಡನೇ ಜಾನ್ ಪೌಲರನ್ನು ಕಂಡರು. 1991ರ ಡಿಸೆಂಬರ್ 25ರಂದು, ನಮ್ಮ ಕ್ರಿಸ್ತಜಯಂತಿಯ ದಿನವೇ, ಕ್ರೆಮ್ಲಿನ್ ಮೇಲಿದ್ದ ಕೆಂಪು ಬಾವುಟ ಇಳಿಯಿತು. ಆಗ ಕೇಳಿದ ಪ್ರಬೋಧನೆಗಳು ನೆನಪಿವೆ: ಫಾತಿಮಾ ಮಾತೆ ಗೆದ್ದಳು, ನಮ್ಮ ಜಪಕ್ಕೆ ಫಲ ಸಿಕ್ಕಿತು. ಅಲ್ಲಿಗೆ ನಾವು ರಷ್ಯಾದ ಪುಸ್ತಕವನ್ನು ಮುಚ್ಚಿಟ್ಟೆವು. ಮುಂದೆ ಏನಾಯಿತೆಂದು ಓದಲಿಲ್ಲ. 2022ರ ಮಾರ್ಚ್ 25ರಂದು ಜಗದ್ಗುರು ಫ್ರಾನ್ಸಿಸ್ ರಷ್ಯಾ ಮತ್ತು ಉಕ್ರೇನ್ ದೇಶಗಳನ್ನು ಮಾತೆಯ ನಿಷ್ಕಳಂಕ ಹೃದಯಕ್ಕೆ ಅರ್ಪಿಸಿದಾಗ ಲೋಕದ ಗುರುಗಳೆಲ್ಲ ಜೊತೆಗೂಡಿದರು. ನಾನೂ ಆ ಜಪ ಓದಿದೆ. ಓದುವಾಗ ಆ ದೇಶದ ಬಗ್ಗೆ ನನಗೆ ಗೊತ್ತಿದ್ದುದು ಅಜ್ಜಿಗೆ ಗೊತ್ತಿದ್ದುದಕ್ಕಿಂತ ಹೆಚ್ಚೇನೂ ಅಲ್ಲ.

ಅಷ್ಟರಲ್ಲಿ ಆ ಯುದ್ಧ ನಮ್ಮ ನಾಡಿನ ಒಂದು ಮನೆಯನ್ನು ಮುಟ್ಟಿಯಾಗಿತ್ತು. 2022ರ ಫೆಬ್ರವರಿ 24ರಂದು ರಷ್ಯಾದ ಸೇನೆ ಉಕ್ರೇನನ್ನು ಹೊಕ್ಕಿತು. ಮಾರ್ಚ್ 1ರಂದು ಖಾರ್ಕಿವ್ ನಗರದಲ್ಲಿ ಆಹಾರ ತರಲು ಹೊರಗೆ ಹೋಗಿದ್ದ, ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯ ವೈದ್ಯ ವಿದ್ಯಾರ್ಥಿ ಷೆಲ್ ದಾಳಿಗೆ ಬಲಿಯಾದ. ಮೂರು ವಾರಗಳ ಬಳಿಕ ದೇಹ ಊರಿಗೆ ಬಂದಾಗ ತಂದೆತಾಯಿ ಅದನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಮಾಡಿದರು. ಮಗ ವೈದ್ಯನಾಗಲಿಲ್ಲ; ಅವನ ದೇಹ ವೈದ್ಯರಾಗುವವರಿಗೆ ಪಾಠವಾಯಿತು. ಇನ್ನೊಂದು ಸುದ್ದಿ ಕಲಬುರಗಿಯದು. 2023ರ ಕೊನೆಯಲ್ಲಿ ಕೆಲಸದ ಆಸೆ ತೋರಿಸಿ ದಲ್ಲಾಳಿಗಳು ಅಲ್ಲಿನ ಕೆಲವು ಯುವಕರನ್ನು ರಷ್ಯಾಕ್ಕೆ ಕಳುಹಿಸಿದರು. ಹೋದಮೇಲೆ ಅವರ ಕೈಗೆ ಬಂದದ್ದು ಬಂದೂಕು. ನಮ್ಮ ಸರ್ಕಾರ ಮಾಸ್ಕೋದೊಂದಿಗೆ ಮಾತನಾಡಿದ ಮೇಲೆ 2024ರ ಸೆಪ್ಟೆಂಬರಿನಲ್ಲಿ ಅವರು ಮನೆ ಸೇರಿದರು. ವಿದೇಶದ ಕೆಲಸಕ್ಕೆಂದು ಮಕ್ಕಳನ್ನು ಕಳುಹಿಸಲು ಸಿದ್ಧರಾಗಿರುವ ಮನೆಗಳು ನಮ್ಮ ಧರ್ಮಕೇಂದ್ರಗಳಲ್ಲೂ ಇವೆ.

ಕಲಬುರಗಿ ಸೀಮೆಗೂ ರಷ್ಯಾಕ್ಕೂ ಇರುವ ನಂಟು ಬಹಳ ಹಳೆಯದೆಂಬುದು ಇಲ್ಲಿ ನೆನಪಾಗುತ್ತದೆ. 15ನೇ ಶತಮಾನದಲ್ಲಿ, ವಾಸ್ಕೋ ಡ ಗಾಮ ಬರುವುದಕ್ಕಿಂತ ಸುಮಾರು ಮೂವತ್ತು ವರ್ಷ ಮುಂಚೆ, ತ್ವೇರ್ ಪಟ್ಟಣದ ವರ್ತಕ ಅಫನಾಸಿ ನಿಕಿತಿನ್ ಬಹಮನಿಗಳ ಬೀದರಿಗೆ ಬಂದಿದ್ದ. ತಾನು ತಂದಿದ್ದ ಕುದುರೆಯನ್ನು ಅಲ್ಲಿ ಮಾರಿದ. ಆಳಂದದ ಜಾತ್ರೆಯನ್ನು ಕಂಡ. ಸರದಾರರ ಸಿರಿಯನ್ನೂ ಹಳ್ಳಿಗರ ಬಡತನವನ್ನೂ ಗುರುತಿಸಿ ಬರೆದಿಟ್ಟ. ದಾರಿಯಲ್ಲಿ ಕಳ್ಳರು ಅವನ ಧರ್ಮಗ್ರಂಥಗಳನ್ನು ದೋಚಿದ್ದರಿಂದ ಉಪವಾಸಕಾಲ ಯಾವಾಗ, ಪಾಸ್ಕ ಹಬ್ಬ ಯಾವಾಗ ಎಂಬ ಲೆಕ್ಕವೇ ಅವನಿಗೆ ತಪ್ಪಿಹೋಯಿತು. ಅಂದಾಜಿನ ಮೇಲೆ ಉಪವಾಸ ಹಿಡಿದ, ಒಬ್ಬನೇ ಹಬ್ಬ ಕಳೆದ. ಊರಿಗೆ ಮರಳುವ ದಾರಿಯಲ್ಲಿ ಸ್ಮೊಲೆನ್ಸ್ಕ್ ಸಮೀಪ ತೀರಿಕೊಂಡ. ಕನ್ನಡ ನಾಡಿನಲ್ಲಿ ಪಾಸ್ಕದ ದಿನಾಂಕ ತಿಳಿಯದೆ ಕೊರಗಿದ ಆ ರಷ್ಯನ್ ಕ್ರೈಸ್ತನನ್ನು ನೆನೆದಾಗ, ರಷ್ಯಾ ಎಂದರೆ ಬರೀ ಸರ್ಕಾರವಲ್ಲ ಎಂಬುದು ನನಗೆ ಮನದಟ್ಟಾಗುತ್ತದೆ.

ನಾವು ಪುಸ್ತಕ ಮುಚ್ಚಿಟ್ಟ ಮೇಲೆ ಆ ಜನರಿಗೆ ಏನಾಯಿತು? 1992ರ ಜನವರಿಯಲ್ಲಿ ಸರ್ಕಾರ ಬೆಲೆಗಳ ಮೇಲಿನ ಹಿಡಿತವನ್ನು ಬಿಟ್ಟಿತು. ಜೀವಮಾನದ ಉಳಿತಾಯ ಕೆಲವೇ ತಿಂಗಳಲ್ಲಿ ಕಾಗದವಾಯಿತು. ಕಾರ್ಖಾನೆ, ಗಣಿ, ಎಣ್ಣೆಬಾವಿಗಳು ಕೆಲವೇ ಕೆಲವರ ಪಾಲಾದವು. 1994ರಲ್ಲಿ ಗಂಡಸರ ಸರಾಸರಿ ಆಯುಷ್ಯ 58 ವರ್ಷಕ್ಕಿಂತ ಕೆಳಗಿಳಿಯಿತು. ಯುದ್ಧವಿಲ್ಲದೆ, ಕ್ಷಾಮವಿಲ್ಲದೆ, ಕುಡಿತದಿಂದ, ಹತಾಶೆಯಿಂದ ಸತ್ತರು. 1998ರ ಆಗಸ್ಟಿನಲ್ಲಿ ಸರ್ಕಾರವೇ ಸಾಲ ತೀರಿಸಲಾಗದೆ ಕೈಚೆಲ್ಲಿತು. ಇವೆಲ್ಲ ಆ ಜನರ ಕಿವಿಗೆ ‘ಪ್ರಜಾಪ್ರಭುತ್ವ’ ಎಂಬ ಹೆಸರಿನಲ್ಲೇ ಬಂದವು. 1999ರ ಕೊನೆಯ ದಿನ ಯೆಲ್ತ್‌ಸಿನ್ ಅಧಿಕಾರ ಬಿಟ್ಟು ವ್ಲಾದಿಮಿರ್ ಪುಟಿನ್ ಬಂದಾಗ, ಸಂಬಳ ಹೊತ್ತಿಗೆ ಸರಿಯಾಗಿ ಬರತೊಡಗಿದಾಗ, ಜನ ನಿಟ್ಟುಸಿರು ಬಿಟ್ಟರೆ ಅವರನ್ನು ಹಳಿಯುವ ಹಕ್ಕು ನಮಗಿಲ್ಲ. ಎಣ್ಣೆಯ ಬೆಲೆ ಏರಿದ್ದು ಪುಟಿನ್ನರ ಅದೃಷ್ಟ. ಆದರೆ ನೆಮ್ಮದಿಗೆ ಬೆಲೆ ತೆರಬೇಕಾಯಿತು: ಮೊದಲು ದೂರದರ್ಶನ ವಾಹಿನಿಗಳು, ಆಮೇಲೆ ಪ್ರಾಂತ್ಯಗಳ ರಾಜ್ಯಪಾಲರ ನೇರ ಚುನಾವಣೆ, ಆಮೇಲೆ ವಿರೋಧಪಕ್ಷ. 2020ರಲ್ಲಿ ಸಂವಿಧಾನಕ್ಕೆ ತಿದ್ದುಪಡಿ ತಂದು ಪುಟಿನ್ 2036ರವರೆಗೆ ಅಧ್ಯಕ್ಷರಾಗಿರಲು ದಾರಿಮಾಡಿಕೊಂಡರು. ಅದೇ ತಿದ್ದುಪಡಿಯಲ್ಲಿ ಸಂವಿಧಾನಕ್ಕೆ ದೇವರ ಹೆಸರೂ ಬಂತು. ಒಂದೇ ಮತಪತ್ರದಲ್ಲಿ ಎರಡೂ.

ಇಲ್ಲಿಯೇ ಅಜ್ಜಿಯ ಪ್ರಶ್ನೆ ಬಿಗಿಯಾಗುತ್ತದೆ. ದೇಶವೇನೋ ದೇವರ ಕಡೆ ತಿರುಗಿತಲ್ಲ! ಈಜುಕೊಳವನ್ನು ಮುಚ್ಚಿ ಕ್ರಿಸ್ತ ರಕ್ಷಕನ ಮಹಾದೇವಾಲಯವನ್ನು ಮರಳಿ ಕಟ್ಟಿ 2000ದ ಆಗಸ್ಟಿನಲ್ಲಿ ಪ್ರತಿಷ್ಠಾಪಿಸಿದರು. ಸಾವಿರಾರು ದೇವಾಲಯಗಳು ತೆರೆದವು. ಪ್ಯೂ ಸಂಶೋಧನಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ರಷ್ಯನ್ನರಲ್ಲಿ ಹತ್ತಕ್ಕೆ ಏಳು ಮಂದಿ ತಾವು ಆರ್ಥೊಡಾಕ್ಸ್ ಕ್ರೈಸ್ತರೆಂದು ಹೇಳಿಕೊಳ್ಳುತ್ತಾರೆ. ವಾರಕ್ಕೊಮ್ಮೆ ದೇವಾಲಯಕ್ಕೆ ಹೋಗುವವರು ಮಾತ್ರ ನೂರಕ್ಕೆ ಹತ್ತು ಮಂದಿಯೂ ಇಲ್ಲ. 2020ರ ಜೂನ್ 14ರಂದು ಮಾಸ್ಕೋ ಬಳಿ ಸೈನ್ಯಕ್ಕೆಂದೇ ಒಂದು ಮಹಾದೇವಾಲಯ ಪ್ರತಿಷ್ಠಾಪನೆಗೊಂಡಿತು. ಎರಡನೇ ಮಹಾಯುದ್ಧ ಗೆದ್ದ 1945ರ ನೆನಪಿಗೆ ಅದರ ಗುಮ್ಮಟದ ಬುಡದ ವ್ಯಾಸ 19.45 ಮೀಟರ್. ಗೆದ್ದು ತಂದ ಜರ್ಮನ್ ಆಯುಧಗಳನ್ನು ಕರಗಿಸಿ ಮೆಟ್ಟಿಲುಗಳಿಗೆ ಬಳಸಿದ್ದಾರೆ. ಗೋಡೆಯ ಚಿತ್ರದಲ್ಲಿ ಪುಟಿನ್ನರ ಮುಖವೂ ಇರಬೇಕಿತ್ತು. ಟೀಕೆ ಬಂದಾಗ ತೆಗೆದರು. ದೇವಾಲಯದ ಅಳತೆಯನ್ನು ಶಿಲುಬೆಯಿಂದಲ್ಲದೆ ವಿಜಯದಿಂದ ತೆಗೆದುಕೊಂಡದ್ದನ್ನು ನೋಡಿದಾಗ ಗುರುವಾದ ನನಗೆ ಸಂತೋಷಕ್ಕಿಂತ ಕಸಿವಿಸಿಯೇ ಹೆಚ್ಚಾಯಿತು.

ಇದರ ಬೇರು ಹಳೆಯದು. 1721ರಲ್ಲಿ ಪೀಟರ್ ಮಹಾಶಯ ಪೇಟ್ರಿಯಾರ್ಕ್ ಪೀಠವನ್ನೇ, ಅಂದರೆ ಆ ಧರ್ಮಸಭೆಯ ಪ್ರಧಾನ ಗುರುಪೀಠವನ್ನೇ, ರದ್ದುಮಾಡಿ ಧರ್ಮಸಭೆಯನ್ನು ಸರ್ಕಾರದ ಒಂದು ಇಲಾಖೆಯಂತೆ ಮಾಡಿದ. ಸುಮಾರು ಇನ್ನೂರು ವರ್ಷ ಹಾಗೆಯೇ ನಡೆಯಿತು. 1917ರಲ್ಲಿ ಪೀಠ ಮರಳಿತು. ಜೊತೆಗೆ ಹಿಂಸೆಯೂ ಬಂತು. 1943ರ ಸೆಪ್ಟೆಂಬರಿನಲ್ಲಿ, ಹಿಟ್ಲರನ ಸೈನ್ಯ ದೇಶದೊಳಗಿದ್ದಾಗ, ಸ್ಟಾಲಿನ್ ಉಳಿದಿದ್ದ ಹಿರಿಯ ಧರ್ಮಾಧ್ಯಕ್ಷರಲ್ಲಿ ಮೂವರನ್ನು ರಾತ್ರಿ ಕರೆಸಿ ಪೇಟ್ರಿಯಾರ್ಕರನ್ನು ಆರಿಸಿಕೊಳ್ಳಿ ಎಂದ. ಬದುಕಿಕೊಳ್ಳಬೇಕಾದರೆ ಸಿಂಹಾಸನದ ನೆರಳು ಬೇಕು ಎಂಬ ಪಾಠವನ್ನು ಆ ಧರ್ಮಸಭೆ ಹೀಗೆ ನೋವಿನಿಂದ ಕಲಿಯಿತು. ದುರ್ಗದ ನಾಯಕರ ನಾಡಿನಲ್ಲಿ ಬದುಕುವ ನಮಗೆ ಅರಸನ ಆಶ್ರಯ, ಗುರುಪೀಠದ ಆಶೀರ್ವಾದ ಇವುಗಳ ಕೊಡುಕೊಳ್ಳುವಿಕೆ ಅಪರಿಚಿತವಲ್ಲ. ಕಥೋಲಿಕ ಧರ್ಮಸಭೆಯ ಇತಿಹಾಸವೂ ಈ ವಿಷಯದಲ್ಲಿ ಕೈತೊಳೆದುಕೊಳ್ಳುವಂತಿಲ್ಲ. ಯೂರೋಪಿನಲ್ಲಿ ನಾವು ಹರಸದ ಫಿರಂಗಿಗಳು ಕಡಿಮೆ.

ಆದ್ದರಿಂದ ನಾನು ಹನ್ನೊಂದನೇ ಪಯಸ್ಸರ ಆ ಎರಡು ಮಾತುಗಳನ್ನೇ ಅಳತೆಗೋಲಾಗಿ ಹಿಡಿದು ಇಂದಿನ ರಷ್ಯಾವನ್ನು ನೋಡಿದೆ. ಸ್ವಾತಂತ್ರ್ಯ: 1990ರಲ್ಲಿ ಉದಾರವಾದ ಕಾನೂನು ಬಂತು. 1997ರ ಕಾನೂನು ಹೊಸ ಗುಂಪುಗಳಿಗೆ 15 ವರ್ಷದ ಅಸ್ತಿತ್ವದ ಷರತ್ತು ಹಾಕಿತು. 2002ರ ಫೆಬ್ರವರಿಯಲ್ಲಿ ವ್ಯಾಟಿಕನ್ ಅಲ್ಲಿ ನಾಲ್ಕು ಕಥೋಲಿಕ ಧರ್ಮಪ್ರಾಂತ್ಯಗಳನ್ನು ಸ್ಥಾಪಿಸಿತು. ಎರಡೇ ತಿಂಗಳಲ್ಲಿ ಸೈಬೀರಿಯದ ಇರ್ಕುತ್ಸ್ಕಿನ ಧರ್ಮಾಧ್ಯಕ್ಷ ಯೆರ್ಜಿ ಮಾಜುರ್ ಅವರನ್ನು ವಿಮಾನನಿಲ್ದಾಣದಿಂದಲೇ ಹಿಂದಕ್ಕೆ ಕಳುಹಿಸಿದರು. 2016ರಲ್ಲಿ ನಿಗದಿತ ಸ್ಥಳಗಳ ಹೊರಗೆ ಧರ್ಮಪ್ರಚಾರಕ್ಕೆ ಬಿಗಿ ನಿರ್ಬಂಧ. 2017ರಲ್ಲಿ ಯೆಹೋವನ ಸಾಕ್ಷಿಗಳ ಪಂಥಕ್ಕೆ ಪೂರ್ಣ ನಿಷೇಧ. ಅವರ ಬೋಧನೆಯನ್ನು ನಾವು ಒಪ್ಪುವುದಿಲ್ಲ, ಬಾಗಿಲಿಗೆ ಬಂದರೆ ನಮ್ಮ ಜನ ಬೇಸರಪಡುವುದೂ ಉಂಟು; ಆದರೂ ಜಪ ಮಾಡಿದ್ದಕ್ಕೆ ಒಬ್ಬನನ್ನು ಸೆರೆಗೆ ಹಾಕಿದರೆ ಅದು ನಮ್ಮ ಮಾತೂ ಆಗುತ್ತದೆ. ಸತ್ತವರನ್ನು ನೆನೆಯುವ ಸ್ವಾತಂತ್ರ್ಯವೂ ಕುಗ್ಗಿತು. ಸ್ಟಾಲಿನ್ ಕಾಲದಲ್ಲಿ ಹತರಾದವರ ಹೆಸರುಗಳನ್ನು ಸಂಗ್ರಹಿಸುತ್ತಿದ್ದ ‘ಮೆಮೋರಿಯಲ್’ ಸಂಸ್ಥೆ 2007ರಿಂದ ಪ್ರತಿವರ್ಷ ಅಕ್ಟೋಬರ್ 29ರಂದು ಮಾಸ್ಕೋದ ಒಂದು ಚೌಕದಲ್ಲಿ ಆ ಹೆಸರುಗಳನ್ನು ಗಟ್ಟಿಯಾಗಿ ಓದಿಸುತ್ತಿತ್ತು. ಸಾಲಾಗಿ ನಿಂತ ಜನ ಒಬ್ಬೊಬ್ಬರೇ ಬಂದು ಹೆಸರು, ವಯಸ್ಸು, ಕಸುಬು, ಕೊಂದ ದಿನ ಓದುವುದು, ಬೆಳಗಿನಿಂದ ರಾತ್ರಿಯವರೆಗೆ. ನಮ್ಮ ಸಕಲ ಮೃತರ ಸ್ಮರಣೆಯ ದಿನಕ್ಕೆ ನಾಲ್ಕೇ ದಿನ ಮುಂಚೆ. 2021ರ ಡಿಸೆಂಬರ್ 28ರಂದು ಸರ್ವೋಚ್ಚ ನ್ಯಾಯಾಲಯ ಆ ಸಂಸ್ಥೆಯನ್ನು ಮುಚ್ಚುವಂತೆ ತೀರ್ಪಿತ್ತಿತು. ಮರುವರ್ಷ ಅದಕ್ಕೆ ನೊಬೆಲ್ ಶಾಂತಿ ಪ್ರಶಸ್ತಿಯ ಪಾಲು ಸಿಕ್ಕಿತು.

ಎರಡನೆಯದು ನೆಮ್ಮದಿ. ಯುದ್ಧ ಆರಂಭವಾದ ಮೇಲೆ ಪೇಟ್ರಿಯಾರ್ಕ್ ಕಿರಿಲ್ ಅದನ್ನು ಬೆಂಬಲಿಸಿ ಮಾತನಾಡಿದರು. ಕರ್ತವ್ಯದಲ್ಲಿ ಸತ್ತ ಸೈನಿಕನ ತ್ಯಾಗ ಅವನ ಪಾಪಗಳನ್ನೆಲ್ಲ ತೊಳೆಯುತ್ತದೆ ಎಂದು 2022ರ ಸೆಪ್ಟೆಂಬರಿನ ಪ್ರಬೋಧನೆಯಲ್ಲಿ ಹೇಳಿದರು. ಅದೇ ವರ್ಷದ ಮಾರ್ಚಿನಲ್ಲಿ ಜಗದ್ಗುರು ಫ್ರಾನ್ಸಿಸ್ ಅವರೊಡನೆ ದೂರಸಂಪರ್ಕದಲ್ಲಿ ಮಾತನಾಡುತ್ತ, ನಾವು ಸರ್ಕಾರದ ಗುರುಗಳಲ್ಲ ಎಂದು ನೆನಪಿಸಿದ್ದರು. ಆದರೆ ಆ ಧರ್ಮಸಭೆಯೆಂದರೆ ಕಿರಿಲ್ ಒಬ್ಬರೇ ಅಲ್ಲ. ಕೊಸ್ತ್ರೊಮಾ ಪ್ರಾಂತ್ಯದ ಒಂದು ಹಳ್ಳಿಯ ಗುರು ಇಯೊಆನ್ ಬುರ್ದಿನ್, ಯುದ್ಧದ ವಿರುದ್ಧ ಪ್ರಬೋಧನೆ ಮಾಡಿದರೆಂದು 2022ರ ಮಾರ್ಚಿನಲ್ಲೇ 35 ಸಾವಿರ ರೂಬಲ್ ದಂಡ ತೆತ್ತರು. ಮಾಸ್ಕೋದ ಇನ್ನೊಬ್ಬ ಗುರುವಿನ ಕಥೆಯನ್ನು ನಾನು ಎರಡೆರಡು ಬಾರಿ ಓದಿದೆ. ಆ ಸೆಪ್ಟೆಂಬರಿನಲ್ಲಿ ಎಲ್ಲ ದೇವಾಲಯಗಳಲ್ಲೂ ಹೇಳಲೇಬೇಕೆಂದು ಪೇಟ್ರಿಯಾರ್ಕ್ ಕಡೆಯಿಂದ ಒಂದು ಜಪ ಬಂತು. ಅದರಲ್ಲಿ ನಮಗೆ ವಿಜಯ ಕೊಡು ಎಂಬ ಬೇಡಿಕೆಯಿತ್ತು. ಗುರು ಇಯೊಆನ್ ಕೊವಾಲ್ ‘ವಿಜಯ’ ಎಂಬ ಪದ ಬಂದಲ್ಲಿ ‘ಶಾಂತಿ’ ಎಂದು ಓದಿದರು. ರಷ್ಯನ್ ಭಾಷೆಯಲ್ಲಿ ಶಾಂತಿಗೆ ‘ಮೀರ್’ ಎನ್ನುತ್ತಾರೆ. ಲೋಕ ಎಂಬುದಕ್ಕೂ ಅದೇ ಪದ. ನಾನು ಬಾಲ್ಯದಲ್ಲಿ ಪುಸ್ತಕಗಳ ಮೇಲೆ ನೋಡುತ್ತಿದ್ದ ಹೆಸರು! ಪೂಜೆಗೆ ಬಂದಿದ್ದವರಲ್ಲೇ ಒಬ್ಬರು ದೂರು ಕೊಟ್ಟರು. 2023ರಲ್ಲಿ ಅವರನ್ನು ಗುರುಪದವಿಯಿಂದಲೇ ತೆಗೆದುಹಾಕಿದರು. ಅದೇ ವರ್ಷ ಕಾನ್‌ಸ್ಟಾಂಟಿನೋಪಲಿನ ಪೇಟ್ರಿಯಾರ್ಕ್ ಬಾರ್ತೊಲೊಮೆಯೋ ಪದವಿಯನ್ನು ಮರಳಿಸಿದ ಮೇಲೆ, ಟರ್ಕಿ ದೇಶದಲ್ಲಿ ಅವರು ಮತ್ತೆ ಪೀಠದ ಮುಂದೆ ನಿಂತರು.

ನಮ್ಮ ಅಜ್ಜಿ ಹುಟ್ಟುವುದಕ್ಕೆ ಮುಂಚೆಯೇ ಒಬ್ಬ ಪೋಪರು ರಷ್ಯಾಕ್ಕಾಗಿ ನೆಮ್ಮದಿ ಬೇಡಿರೆಂದು ಲೋಕಕ್ಕೆಲ್ಲ ಹೇಳಿದ್ದರು. ಅದೇ ನೆಮ್ಮದಿಯನ್ನು ರಷ್ಯಾದೊಳಗೆ ನಿಂತು ಬೇಡಿದ ಗುರು ಪೀಠ ಕಳೆದುಕೊಂಡರು.

ಡಿಸೆಂಬರಿನಲ್ಲಿ ಮತ್ತೆ ಮದಕರಿಪುರಕ್ಕೆ ಹೋದಾಗ ಇದಿಷ್ಟನ್ನು ಅಜ್ಜಿಗೆ ಹೇಳಿದೆ. ಸಮೀಕ್ಷೆ, ಸಂವಿಧಾನ ಎಲ್ಲ ಅವರಿಗೆ ಬೇಡವಾಗಿತ್ತು. ಮಾಸ್ಕೋದ ಗುರುವಿನ ವಿಷಯ ಬಂದಾಗ ಮಾತ್ರ ಮುಂದಕ್ಕೆ ಬಾಗಿದರು.

“ಒಂದೇ ಪದ ಬದಲಾಯಿಸಿದ್ದಕ್ಕಾ ಸ್ವಾಮಿ?”

“ಒಂದೇ ಪದ ಅಜ್ಜಿ.”

“ಅವರ ಹೆಸರೇನಂದ್ರಿ?”

ಇಯೊಆನ್ ಎಂದೆ. ಎರಡು ಸಲ ಹೇಳಲು ನೋಡಿದರು, ನಾಲಿಗೆ ಹೊರಳಲಿಲ್ಲ. ನಮ್ಮ ಯೊವಾನ್ನ ಎಂಬ ಹೆಸರೇ ಅದು ಅಜ್ಜಿ ಎಂದೆ. “ಹಂಗನ್ನಿ ಮತ್ತೆ,” ಎಂದು ಸೊಂಟದ ಚೀಲದಿಂದ ಜಪಮಾಲೆ ತೆಗೆದರು. ಆ ಸಂಜೆಯ ಜಪಸರದ ಕೊನೆಗೆ, ತೀರಿಕೊಂಡ ಗಂಡನ ಹೆಸರು, ಬೆಂಗಳೂರಿನಲ್ಲಿರುವ ಮೊಮ್ಮಗನ ಹೆಸರು ಆದಮೇಲೆ ಯೊವಾನ್ನ ಸ್ವಾಮಿಗಳ ಹೆಸರನ್ನೂ ಸೇರಿಸಿ ಮೂರು ನಮೋ ಮರಿಯ ಹೇಳಿಸಿದರು.